ದಿನಕ್ಕೊಮ್ಮೆ, ಕಾಳವ್ವನ ಹೊಸ್ತಿಲಲ್ಲಿ

ಡಾಕ್ಟರರ ಚೀಟಿಯಲ್ಲಿ ಔಷಧದ ಹೆಸರು ಇರಬೇಕಾದ ಜಾಗದಲ್ಲಿ ಗುರುಪಾದಯ್ಯನ ಹೆಸರಿತ್ತು. ಅದರ ಕೆಳಗೆ, ಬಾಟಲಿಯ ಮೇಲೆ ಬರೆಯುವ ಹಾಗೆಯೇ, ‘ದಿನಕ್ಕೊಮ್ಮೆ, ಬೆಳಿಗ್ಗೆ’ ಎಂದು ಬರೆದಿತ್ತು. ಚೀಟಿ ತಂದ ಗುರಲಿಂಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಟ್ಟೆಯ ಮೇಲೆ ಕುಳಿತಿದ್ದ ಅಯ್ಯನ ಮುಂದೆ ತಪ್ಪು ಮಾಡಿದವನಂತೆ ನಿಂತಿದ್ದ.

“ನಮ್ಮವ್ವನ್ನ ವಿಜಾಪುರಕ್ಕ ಒಯ್ದಿದ್ದೆರಿ, ಅಯ್ಯಾರ. ಸ್ಟೇಷನ್ ರಸ್ತೇದಾಗ ಹೊಸಾ ಡಾಕ್ಟರ ಬಂದಾರಲ್ಲ, ಶ್ರೀಶೈಲಪ್ಪನವರು, ಅವರ ಕಡೆ. ದೀಪಾವಳಿಯಿಂದ ಇಕಿ ರೊಟ್ಟಿ ಮುಟ್ಟಿಲ್ಲ. ಬರೇ ಎರಡು ಗುಟುಕ ಹಾಲು, ಬೆಲ್ಲದ ನೀರು. ಅಯ್ಯಾರು ಬಂದು ನನ್ನ ಕೈಲೆ ಭಿಕ್ಷಾ ತೊಗೊಳ್ಳೂತನಕ ಉಣ್ಣೂದಿಲ್ಲ, ಅದು ನನ್ನ ನೇಮ ಅಂತಾಳ. ಡಾಕ್ಟರು ಎಲ್ಲಾ ನೋಡಿ, ಕೇಳಿ, ಕಡೀಕ ನಿಮ್ಮನ್ನ ಬರದ ಕೊಟ್ರು.”

ಗುರುಪಾದಯ್ಯ ಚೀಟಿ ಓದಿದ. ಮಡಚಿ ಮತ್ತೆ ಅವನ ಕೈಗೇ ಕೊಟ್ಟ. “ಆಗೂದಿಲ್ಲಪ್ಪಾ,” ಅಂದ. ಅಷ್ಟೇ. ಗುರಲಿಂಗಪ್ಪ ಚೀಟಿಯನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೊಂದು ಹರಳು ಹೇರಿ ಹೋದ.

ಗುರುಪಾದಯ್ಯ ಜಂಗಮ. ಟಿಕೋಟಾದಲ್ಲಿ ನಲವತ್ತು ಮನೆಗಳು ಅವನ ಪಾಲಿಗೆ ಸೇರಿದವು, ತಂದೆಯ ಕಾಲದಿಂದ ಬಂದವು. ದಿನಾ ಬೆಳಿಗ್ಗೆ ಮೊಣಕಾಲಿನ ಕೆಳಗೆ ಜಂಗು ಕಟ್ಟಿ, ಹೆಗಲಿಗೆ ಜೋಳಿಗೆ ಹಾಕಿ ಹೊರಟನೆಂದರೆ ಆ ಗೆಜ್ಜೆಯ ಸದ್ದಿನ ಮೇಲೆ ಓಣಿಯ ಹೆಂಗಸರು ಹೊತ್ತು ಗುರುತಿಸುತ್ತಿದ್ದರು. ಹಂಚಿನ ಮೇಲಿನ ಮೊದಲ ರೊಟ್ಟಿ ಅಯ್ಯನಿಗೆ, ಆಮೇಲೆ ಮನೆಮಂದಿಗೆ. ಗುರಲಿಂಗಪ್ಪನ ತಾಯಿ ಕಾಳವ್ವನ ಮನೆಯಲ್ಲಿ ರೊಟ್ಟಿಯ ಜೊತೆಗೆ ಒಂದು ಪುಟ್ಟ ತಂಬಿಗೆ ಮಜ್ಜಿಗೆಯೂ ಇರುತ್ತಿತ್ತು. ಅದು ಅಯ್ಯನಿಗಲ್ಲ, ಅವನ ಆರು ವರ್ಷದ ಮಗಳು ನಿಂಬೆವ್ವನಿಗೆ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದ ಒಂದೇ ಒಂದು ಕೂಸು. ಅದನ್ನು ಊರೆಲ್ಲ ಮುದ್ದು ಮಾಡುತ್ತಿತ್ತು.

ಯುದ್ಧ ಮುಗಿದ ಮರುವರ್ಷದ ಶ್ರಾವಣದಲ್ಲಿ ಊರಿಗೆ ಕಾಲರಾ ಬಂತು. ಒಂದು ಬೆಳಿಗ್ಗೆ ಅಯ್ಯ ಎಂದಿನಂತೆ ಜೋಳಿಗೆ ತುಂಬಿಕೊಂಡು ಬಂದ, ಮಗಳು ಎಂದಿನಂತೆ ಅದರಲ್ಲಿಯದನ್ನು ಉಂಡು ಮಜ್ಜಿಗೆ ಕುಡಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಬಂದಿದ್ದರು. ಅಯ್ಯನಿಗಾಗಲಿ, ಅವನ ಹೆಂಡತಿ ಶಂಕ್ರೆವ್ವನಿಗಾಗಲಿ ಒಂದು ವಾಂತಿಯೂ ಆಗಲಿಲ್ಲ. ಬಾವಿಗಳಿಗೆ ಔಷಧ ಹಾಕಲು ಬಂದ ಸರಕಾರಿ ಮನುಷ್ಯನೊಬ್ಬ, ಮಂದಿಯ ಮನೆಯ ಅನ್ನ ನೀರು ಮುಟ್ಟಬೇಡಿ, ಅದರಿಂದಲೇ ಇದು ಹಬ್ಬುತ್ತದೆ ಎಂದು ಹೇಳುತ್ತ ಹೋದ. ಅವನು ಎಲ್ಲರಿಗೂ ಹೇಳುವ ಮಾತದು. ಅಯ್ಯ ಕೇಳಿಸಿಕೊಂಡು ಒಳಗೆ ಹೋಗಿ ಜೋಳಿಗೆಯನ್ನು ಗೂಟಕ್ಕೆ ತೂಗುಹಾಕಿದ. ನಲವತ್ತು ಮನೆಯ ಅನ್ನ ಕೂಡಿದ ಚೀಲ. ಯಾವ ಮನೆಯದು ಎಂದು ಕೇಳಿ ಆಗಬೇಕಾದದ್ದೇನೂ ಇರಲಿಲ್ಲ.

ಅವನು ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಆಮೇಲೂ ಇಲ್ಲ. ಹೊತ್ತಾದರೆ ಏಳುತ್ತಿದ್ದ, ಪೂಜೆ ಮಾಡಿಕೊಳ್ಳುತ್ತಿದ್ದ, ಕಟ್ಟೆಯ ಮೇಲೆ ಕೂರುತ್ತಿದ್ದ. ಖಾರ ಹೆಚ್ಚಾದರೂ ಕಡಿಮೆಯಾದರೂ ಅವನಿಗೆ ತಿಳಿಯುತ್ತಿರಲಿಲ್ಲ. ಊರವರಿಗೆ ಇದು ಬೇರೆಯೇ ಆಗಿ ಕಂಡಿತು. ಒಂದೇ ಮಗಳು ಹೋದರೂ ಕಣ್ಣಲ್ಲಿ ಹನಿ ನೀರಿಲ್ಲ, ಎಂಥಾ ವೈರಾಗ್ಯ, ಎಂಥಾ ಜ್ಞಾನಿ ಎಂದು ಮಾತಾಡಿಕೊಂಡರು. ಹೊನವಾಡದಿಂದ ಕೂಡ ಮಂದಿ ಬಂದು ಕಾಲಿಗೆ ಬಿದ್ದು ಹೋದರು. ಜ್ಞಾನವೂ ಇಲ್ಲ, ಮಣ್ಣೂ ಇಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಆ ಮನುಷ್ಯನಿಗೆ ಜೀವವೇ ಹಾಗೆ ಜೋಮು ಹಿಡಿದಿತ್ತು. ಅದನ್ನು ಹೇಳಲು ಅವನಿಗೆ ಮಾತಿರಲಿಲ್ಲ, ಕಾಲಿಗೆ ಬಿದ್ದವರಿಗೆ ಕಣ್ಣಿರಲಿಲ್ಲ.

ಮೂರು ದಿನ ಚೀಟಿ ಹರಳಿನ ಕೆಳಗೇ ಇತ್ತು. ನಾಲ್ಕನೆಯ ದಿನ ಅಯ್ಯ ಅದನ್ನು ಹಿಂತಿರುಗಿಸಲೆಂದೇ ವಿಜಾಪುರಕ್ಕೆ ಹೊರಟ. ಪೆಟ್ರೋಲಿನ ಬದಲು ಇದ್ದಲಿಯ ಹೊಗೆಯಿಂದ ಓಡುತ್ತಿದ್ದ ಮೋಟಾರು ಬಸ್ಸು ಎರಡು ಕಡೆ ನಿಂತು, ಜನರಿಂದ ನೂಕಿಸಿಕೊಂಡು, ಹತ್ತರ ಸುಮಾರಿಗೆ ಸ್ಟೇಷನ್ ರಸ್ತೆ ಮುಟ್ಟಿತು.

ಶ್ರೀಶೈಲಪ್ಪ ಡಾಕ್ಟರು ನಾಲ್ಕು ವರ್ಷ ದಂಡಿನಲ್ಲಿದ್ದು ಬಂದವರು. ಮಾತು ಒರಟು. ರೋಗಿಗಳನ್ನು ಹೊರಗೆ ಕೂರಿಸಿ ಅಯ್ಯನನ್ನು ಒಳಗೆ ಕರೆದರು.

“ನಾನು ಔಷಧ ಅಲ್ರಿ,” ಎಂದು ಅಯ್ಯ ಚೀಟಿಯನ್ನು ಮೇಜಿನ ಮೇಲಿಟ್ಟ.

“ನನ್ನ ಕಡೆ ಇರೂವು ಮೂವತ್ತು ಬಾಟ್ಲಿ ಅವ,” ಅಂದರು ಡಾಕ್ಟರು. “ಅದರಾಗ ಒಂದೂ ಆ ಮುದುಕಿಗೆ ನಾಟೂದಿಲ್ಲ. ಅಕಿಗೆ ರೋಗಾನ ಇಲ್ಲ. ಉಣ್ಣವಲ್ಲಳು, ಅಷ್ಟ. ದಂಡಿನಾಗೂ ಇಂಥಾವ್ರನ್ನ ನೋಡೇನಿ. ಗುಂಡು ಬಡದಿರೂದಿಲ್ಲ, ಜ್ವರ ಇರೂದಿಲ್ಲ, ಮಾರಿ ತಿರಿವಿ ಮಲಗಿದ್ರಂದ್ರ ಎಂಟು ದಿನದಾಗ ಹೋಗ್ತಿದ್ರು. ಮಗ್ಗಲದಾಗ ಕೂತು ಊಟಾ ಹಾಕೂ ಗೆಳೆಯಾ ಇದ್ದಂವ ಉಳೀತಿದ್ದ. ಈಕಿಗೆ ಬೇಕಾಗಿದ್ದು ನೀವು. ನೀವು ಹೋಗದಿದ್ರ ಯುಗಾದಿ ಮುಟ್ಟೂದಿಲ್ಲ ಅಕಿ.”

“ನನ್ನ ಜೋಳಿಗಿ ನನ್ನ ಮಗಳನ್ನ ತಿಂದೈತ್ರಿ, ಡಾಕ್ಟರ.”

ಜೋಳದ ಧಾರಣೆ ಹೇಳುವವನ ದನಿಯಲ್ಲೇ ಅಯ್ಯ ಅದನ್ನು ಹೇಳಿದ. ಡಾಕ್ಟರು ಸುಳ್ಳು ಸಮಾಧಾನ ಹೇಳುವ ಜಾತಿಯವರಲ್ಲ.

“ಇರಬಹುದು,” ಅಂದರು. “ತಣ್ಣಂದು, ನೀರಿಂದು, ಮಜ್ಜಿಗಿ, ಅಂಬಲಿ ಏನೂ ಇಸಗೋಬ್ಯಾಡ್ರಿ. ಹಂಚಿನ ಮ್ಯಾಲಿಂದ ಇಳಿಸಿದ ಬಿಸಿ ರೊಟ್ಟಿ, ಅದೊಂದ. ಅದರಿಂದ ಯಾರೂ ಸಾಯೂದಿಲ್ಲ.”

“ನನಗ ಏನೂ ಅನಸೂದಿಲ್ರಿ. ಅಕಿ ಉಂಡ್ರೂ ಅನಸೂದಿಲ್ಲ, ಸತ್ರೂ ಅನಸೂದಿಲ್ಲ.”

“ಕ್ವಿನೈನ್ ಗುಳಿಗಿಗೆ ಏನರ ಅನಸ್ತದೇನ್ರಿ? ಜ್ವರಾ ಇಳಸ್ತದ. ನೀವು ಹೋಗಿ ನಿಂದರ್ರಿ, ಸಾಕು.”

ಇಷ್ಟು ದಿನ ಬಂದವರೆಲ್ಲ ಅವನಿಂದ ಏನಾದರೊಂದು ಬಯಸಿದ್ದರು. ಕೆಲವರಿಗೆ ಕಣ್ಣೀರು ಬೇಕಾಗಿತ್ತು, ಕೆಲವರಿಗೆ ವೇದಾಂತ. ಈ ಮನುಷ್ಯ ಬರೇ ನಿಲ್ಲು ಅನ್ನುತ್ತಿದ್ದಾನೆ. ನಿಲ್ಲುವುದಾದರೆ ಆದೀತು ಎಂದುಕೊಂಡು ಅಯ್ಯ ಚೀಟಿಯನ್ನು ಮರಳಿ ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಅವನು ಜೋಳಿಗೆಯನ್ನು ಗೂಟದಿಂದ ತೆಗೆದು ಧೂಳು ಝಾಡಿಸುತ್ತಿದ್ದಾಗ ಶಂಕ್ರೆವ್ವ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. “ಯಾರ ಮನಿಗೆರಿ?” ಎಂದು ಕೇಳಿದಳು.

“ಕಾಳವ್ವನ ಮನಿಗೆ. ಅಕಿ ಒಬ್ಬಾಕಿ ಕಡೇನ.”

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಅಯ್ಯ ಅದನ್ನು ನೋಡಿದ, ನೋಡಿ ಜಂಗು ಕಟ್ಟಿಕೊಂಡ. ಮಾರನೆಯ ದಿನ ಅವಳು, ಬಬಲೇಶ್ವರಕ್ಕೆ ಅಣ್ಣನ ಮನೆಗೆ ಹೋಗುತ್ತೇನೆ ಅಂದಳು. ಹೂಂ ಅಂದ. ಯಾಕೆ, ಎಷ್ಟು ದಿನ, ನಾನೇನು ತಪ್ಪು ಮಾಡಿದೆ ಎಂದು ಗಂಡನಾದವನು ಕೇಳಬೇಕಾದ ಮಾತುಗಳಲ್ಲಿ ಒಂದನ್ನೂ ಕೇಳಲಿಲ್ಲ. ಆ ಕಡೆ ಹೊರಟ ಗಾಡಿಯೊಂದನ್ನು ನೋಡಿ ಹತ್ತಿಸಿ ಕಳಿಸಿದ. ಅವಳು ಗಾಡಿಯಿಂದ ಒಮ್ಮೆ ತಿರುಗಿ ನೋಡುವ ಹೊತ್ತಿಗೆ ಅವನು ಅರ್ಧ ಓಣಿ ದಾಟಿದ್ದ.

ಕಾಳವ್ವ ಮೊದಲ ದಿನ ಗೋಡೆ ಹಿಡಿದುಕೊಂಡು ಬಂದಳು. ಅರವತ್ತು ದಾಟಿದ ಹೆಂಗಸು. ಒಂದು ಕಾಲಕ್ಕೆ ಹತ್ತು ಆಳುಗಳನ್ನು ಬೈದು ದುಡಿಸಿದವಳು, ಈಗ ಕುಬುಸದೊಳಗೆ ಬರೇ ಎಲುಬು. ಬಿಸಿ ರೊಟ್ಟಿಯನ್ನು ಜೋಳಿಗೆಗೆ ಹಾಕಿ, ಅಲ್ಲೇ ಹೊಸ್ತಿಲ ಬದಿಗೆ ಕುಳಿತು, ತನಗೆಂದು ಇಟ್ಟುಕೊಂಡ ರೊಟ್ಟಿಯಲ್ಲಿ ಒಂದು ಚೂರು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಒಳಗಿನಿಂದ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. ಗುರಲಿಂಗಪ್ಪ ದನದ ಕೊಟ್ಟಿಗೆಯಲ್ಲಿ ಎತ್ತಿನ ಮೈ ಸುಮ್ಮಸುಮ್ಮನೆ ಉಜ್ಜುತ್ತಿದ್ದ. ಅಯ್ಯ ಅವಳು ನುಂಗುವವರೆಗೆ ನಿಂತು, ತಿರುಗಿ ನಡೆದ.

ಆದರೆ ಆ ರೊಟ್ಟಿ ಅವನ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಜೋಳಿಗೆಯಿಂದ ತೆಗೆದ ಯಾವುದನ್ನು ಬಾಯಿಯ ಹತ್ತಿರ ತಂದರೂ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಊರ ಬಾಗಿಲಾದ ಅಗಸಿಯ ಬಳಿ ಎರಡು ನಾಯಿಗಳಿದ್ದವು. ಅವುಗಳ ಮುಂದೆ ರೊಟ್ಟಿ ಹಾಕಿ, ಮನೆಗೆ ಬಂದು ತಾನೇ ನುಚ್ಚು ಬೇಯಿಸಿಕೊಂಡು ಉಣ್ಣುತ್ತಿದ್ದ. ದಿನಾ ಹೀಗೆಯೇ ನಡೆಯಿತು.

ಜಂಗಿನ ಸದ್ದು ಕೇಳಿದ ಮೇಲೆ ಉಳಿದ ಮನೆಗಳವರು ಸುಮ್ಮನಿರುತ್ತಾರೆಯೇ? ಹೆಂಗಸರು ಬಾಗಿಲಿಗೆ ಬಂದು ನಿಲ್ಲತೊಡಗಿದರು. ಅಯ್ಯ ರೊಟ್ಟಿ ಬೇಡವೆಂದ. ಜೋಳವನ್ನಾದರೂ ಹಾಕುತ್ತೇವೆ ಅಂದರು. ಅದಕ್ಕೆ ಅಡ್ಡಿಯಿರಲಿಲ್ಲ, ಕಾಳು ಕುದಿಯಲ್ಲಿ ಬೇಯುತ್ತದೆ. ಇದು ಹೇಗೋ ಡಾಕ್ಟರರ ಕಿವಿಗೆ ಬಿತ್ತು, ಮೋಟಾರಿನವನ ಕೈಯಲ್ಲಿ ಇನ್ನೊಂದು ಚೀಟಿ ಬಂತು. ಹ್ಯಾಗೂ ನಲವತ್ತು ಬಾಗಿಲು ನೋಡುತ್ತೀರಿ, ಯಾರು ಎರಡು ದಿನ ಬಾಗಿಲಿಗೆ ಬರಲಿಲ್ಲವೋ ಅವರ ಹೆಸರು ಹೇಳಿಕಳಿಸಿ ಎಂದು ಬರೆದಿದ್ದರು. ಅಯ್ಯ ಹೇಳಿಕಳಿಸಿದ. ಎಳೆಯ ಬಾಣಂತಿಯೊಬ್ಬಳು ಅದರಿಂದ ಉಳಿದಳು. ನೇಕಾರರ ಓಣಿಯ ರಹಿಮಾಬಿ ಅವನ ಪಾಲಿನ ಮನೆಯವಳಲ್ಲ, ಆದರೂ ಗಂಡ ಸತ್ತ ಮೇಲೆ ಯಾರೊಡನೆಯೂ ಮಾತಿಲ್ಲವೆಂದು ತಿಳಿದು, ಹೋಗುವ ದಾರಿಯಲ್ಲಿ ಅವಳ ಬಾಗಿಲಲ್ಲೂ ಒಂದು ಗಳಿಗೆ ನಿಂತು ಹೋಗಲು ಶುರುಮಾಡಿದ. ತಿಂಗಳ ಮೇಲೆ ಅವಳು ಅವನ ಜಂಗು ಸಡಿಲಾಗಿದೆಯೆಂದು ಬೈದು ಹೊಸ ದಾರ ಕೊಟ್ಟಳು. ಊರಿಗೆ ಊರೇ ಅಯ್ಯ ಮೊದಲಿನಂತಾದ ಅಂದುಕೊಂಡಿತು. ಅಯ್ಯನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನು ಗುಳಿಗೆಯ ಹಾಗೆ ಹೋಗಿ ಗುಳಿಗೆಯ ಹಾಗೆ ಬರುತ್ತಿದ್ದ.

ಕಾಳವ್ವ ಮೂರನೆಯ ವಾರಕ್ಕೆ ಗೋಡೆ ಬಿಟ್ಟು ನಡೆದಳು. ಎರಡನೆಯ ತಿಂಗಳಿಗೆ ಸೊಸೆಯ ಮೇಲೆ ಜೋರು ಮಾಡುವ ದನಿ ಓಣಿಯ ತುದಿಗೂ ಕೇಳಿಸಿತು.

ಶಿವರಾತ್ರಿ ಮುಗಿದು ಬಿಸಿಲು ಏರಿದ ದಿನಗಳು. ಒಂದು ಬೆಳಿಗ್ಗೆ ಅಯ್ಯ ಹೋಗಿ ನಿಂತಾಗ ಕಾಳವ್ವ ಮತ್ತೆ ಗೋಡೆ ಹಿಡಿದುಕೊಂಡು ಬಂದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಅವಳ ಕೈಯಲ್ಲಿ ಒಂದೇ ರೊಟ್ಟಿ ಇತ್ತು.

“ಅಯ್ಯಾರ, ನಾ ಕೊಡೂ ರೊಟ್ಟಿ ನೀವು ಉಣ್ತೀರೇನ್ರಿ?”

ಅಯ್ಯ ಜೋಳಿಗೆಯ ಬಾಯಿ ಅಗಲಿಸಿ ಹಿಡಿದ.

“ಅಗಸಿ ನಾಯಿಗೆ ಹಾಕ್ತೀರಂತ. ದನಾ ಕಾಯೂ ಧೂಳಪ್ಪ ಕಣ್ಣಾರೆ ನೋಡ್ಯಾನಂತ.”

“ಹೌದು, ಕಾಳವ್ವ.”

“ಹಂಗಾರ ಇಷ್ಟು ದಿನಾ ನಾ ಉಂಡಿದ್ದೆಲ್ಲಾ ಸುಳ್ಳಾತಲ್ರಿ ಯಪ್ಪಾ,” ಎಂದು ಅವಳು ಹೊಸ್ತಿಲಲ್ಲೇ ಕುಸಿದಳು. “ಕೇಳಿದಾಗಿಂದ ಬಿಟ್ಟೀನಿ. ಇವತ್ತಿಗೆ ಮೂರು ದಿನ.”

“ನಾ ಇಸಗೊಂಡ್ರ ಸಾಕಲ್ಲ ನಿನ್ನ ನೇಮಕ್ಕ?”

“ನೇಮಾ ನನ್ನದಲ್ರಿ.” ಕಾಳವ್ವ ಮಡಿಲಲ್ಲಿದ್ದ ರೊಟ್ಟಿಯನ್ನು ನೋಡುತ್ತ ಹೇಳಿದಳು. “ಶ್ರಾವಣದಾಗ, ಆವತ್ತಿನ ದಿನಾ, ನಮ್ಮ ಮನ್ಯಾಗ ಸೊಸಿಗೆ ವಾಂತಿ ಸುರು ಆಗಿತ್ತರಿ. ಮಂದಿಗೆ ಗೊತ್ತಾದ್ರ ಮನಿ ಕಡೆ ಯಾರೂ ಹಾಯೂದಿಲ್ಲ ಅಂತ ಮುಚ್ಚಿದೆ. ಅಕಿನ್ನ ಬಳದು ತೊಳದು ಎದ್ದೇನಿ, ನಿಮ್ಮ ಜಂಗಿನ ಸಪ್ಪಳಾತು. ಬಾಗಲಿಗೆ ಬಂದ ಅಯ್ಯಾರನ್ನ ಬರಿಗೈಲೆ ಹ್ಯಾಂಗ ಕಳಸಲಿ? ಅದ ಕೈಲೆ ಮಜ್ಜಿಗಿ ಹಾಕಿದೆ. ನಿಂಬೆವ್ವಗ ಅಂತ ಹಾಕಿದೆ. ಸೊಸಿ ಉಳದ್ಲು. ಕೂಸು…”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ದೀಪಾವಳಿಗೆ ತಡೀಲಾರದ ನಿಮ್ಮ ಮನಿ ಅಮ್ಮಾರ ಕಡೆ ಹೋಗಿ ಹೇಳಿದೆ. ಅವರು ಬಡೀಲಿಲ್ಲ, ಬೈಲಿಲ್ಲ. ‘ನಮ್ಮ ಅಯ್ಯಾರು ನಿನ್ನ ಕೈ ರೊಟ್ಟಿ ಉಣ್ಣೂತನಕ ನಿನಗೂ ರೊಟ್ಟಿ ಇಲ್ಲ, ಅವರ ಮುಂದ ಇದನ್ನ ಹೇಳಕೂಡದು’ ಅಂದ್ರು. ಆತು ತಾಯಿ ಅಂದು ಬಂದೆ.”

ಗುರುಪಾದಯ್ಯ ಸಿಟ್ಟು ಬರುವುದನ್ನು ಕಾದ. ಬರಬೇಕಾಗಿತ್ತು. ಇವಳ ಕೈ, ಇವಳ ಮಜ್ಜಿಗೆ. ಬರಲಿಲ್ಲ. ಬಂದದ್ದು ಬೇರೆಯದು: ಹಿಟ್ಟಿನಲ್ಲಿ ನಿಂತ ಹೆಂಡತಿಯ ಕೈ. ತಾನು ಇನ್ನೆಂದೂ ಜೋಳಿಗೆ ಮುಟ್ಟುವುದಿಲ್ಲವೆಂದು ನಂಬಿ ಅವಳು ಆ ಮಾತು ಹಾಕಿದ್ದಳು. ಅಂದರೆ ಸಾಯಿ ಎಂದೇ ಹೇಳಿದ್ದಳು. ಆಮೇಲೆ ಅವಳ ಕಣ್ಣೆದುರಿಗೇ ತಾನು ಜೋಳಿಗೆ ಝಾಡಿಸಿಕೊಂಡು ಆ ಮನೆಗೇ ಹೊರಟಿದ್ದ.

“ತಾ ಇಲ್ಲಿ,” ಎಂದು ಕೈ ಚಾಚಿ ರೊಟ್ಟಿ ತೆಗೆದುಕೊಂಡ.

“ಉಣ್ತೀರೇನ್ರಿ?” ಕಾಳವ್ವ ತಲೆ ಎತ್ತಿದಳು.

“ಅದನ್ನ ಕೇಳಾಕ ಹೊಂಟೀನಿ.”

ಇಲ್ಲಿಯೇ ಮುರಿದು ತಿಂದುಬಿಟ್ಟಿದ್ದರೆ ಮುದುಕಿಯ ಉಪವಾಸ ಆ ಕ್ಷಣಕ್ಕೇ ಮುರಿಯುತ್ತಿತ್ತು. ಆದರೆ ಹೆಂಡತಿ ಹಾಕಿದ ಮಾತನ್ನು ಅವಳ ಬೆನ್ನ ಹಿಂದೆ ತಾನು ತೀರಿಸಿ ಬಿಡುವುದು ಅವನಿಂದಾಗಲಿಲ್ಲ. ಅಗಸಿ ದಾಟಿದ. ನಾಯಿಗಳು ಬಾಲ ಅಲ್ಲಾಡಿಸುತ್ತ ಸ್ವಲ್ಪ ದೂರ ಬಂದು ನಿಂತವು. ಬಬಲೇಶ್ವರಕ್ಕೆ ಹೊಲದ ದಾರಿ ಹಿಡಿದರೆ ಅರ್ಧ ದಿನದ ನಡಿಗೆ. ಜೋಳ ಕೊಯ್ದ ಎರೆಹೊಲಗಳು ಬಿರುಕು ಬಿಟ್ಟು ಕಾದಿದ್ದವು. ಬರಿಗಾಲಲ್ಲಿ ನಡೆದ ಅವನು ಎಲ್ಲೂ ಕೂರಲಿಲ್ಲ, ನೀರನ್ನೂ ಕೇಳಲಿಲ್ಲ.

ಶಂಕ್ರೆವ್ವ ಅಣ್ಣನ ಮನೆಯ ಹಿತ್ತಲಲ್ಲಿ ಬೇವಿನ ನೆರಳಿಗೆ ಕುಳಿತು ಮೊರದಲ್ಲಿ ಕಡಲೆ ಕೇರುತ್ತಿದ್ದಳು. ಜಂಗಿನ ಸದ್ದು ಕೇಳಿಸಿರಲೇಬೇಕು, ತಿರುಗಲಿಲ್ಲ. ಅಯ್ಯ ಎದುರಿಗೆ ಹೋಗಿ ನೆಲದ ಮೇಲೆ ಕುಳಿತ.

“ಕಾಳವ್ವ ಎಲ್ಲಾ ಹೇಳಿದ್ಲು,” ಅಂದ.

ಮೊರ ನಿಲ್ಲಲಿಲ್ಲ. “ಎರಡು ತಿಂಗಳ ಮ್ಯಾಲಾತು, ಉಣಿಸಿ ಉಳಿಸೀರಿ. ಇನ್ನೇನ ಬೇಕಂತ ಅಕಿಗೆ?”

“ನಾ ಉಂಡಿಲ್ಲ. ದಿನಾ ನಾಯಿಗೆ ಹಾಕೀನಿ. ಅದು ಗೊತ್ತಾಗಿ ಅಕಿ ಮತ್ತ ಬಿಟ್ಟಾಳ. ಮೂರು ದಿನ ಆತು.”

ಮೊರ ನಿಂತಿತು.

“ನನಗ ಯಾಕ ಹೇಳಲಿಲ್ಲ ನೀನು?” ಎಂದು ಅವನು ಕೇಳಿದ.

“ಯಾರಿಗೆ ಹೇಳ್ಲಿ?” ಶಂಕ್ರೆವ್ವ ಮೊದಲ ಸಲ ಅವನನ್ನು ನೇರ ನೋಡಿದಳು. “ಮನ್ಯಾಗ ಯಾರಿದ್ರು ಹೇಳಾಕ? ನಿಂಬಿ ಹೋದ ದಿನಾನ ನೀವೂ ಹೋದ್ರಿ. ಊರ ಮಂದಿ ಜ್ಞಾನಿ ಅಂತ ನಿಮ್ಮ ಕಾಲಿಗೆ ಬೀಳಾಕತ್ತಿದ್ರು. ನಾ ಒಳಗ ಕುಂತು, ಎರಡು ಹೆಣಾ ಆದುವಲ್ಲೋ ಶಿವನ, ಒಂದನ್ನರ ಮಣ್ಣಿಗೆ ಕೊಟ್ಟಾರ, ಇದನ್ನ ಏನ ಮಾಡ್ಲಿ ಅಂತಿದ್ದೆ.”

ಅವನು ಜೋಳಿಗೆಯಿಂದ ರೊಟ್ಟಿ ತೆಗೆದು ಇಬ್ಬರ ನಡುವೆ ಇಟ್ಟ. ಬಿಸಿಲಿಗೆ ಅದು ಒಣಗಿ ಕಟಕಾಗಿತ್ತು.

“ನೀ ಉಣ್ಣಂದ್ರ ಉಣ್ತೇನಿ. ಬ್ಯಾಡಂದ್ರ ಇಲ್ಲ.”

“ನನ್ನ ಯಾಕ ಕೇಳ್ತೀರಿ? ನಿಮಗೇನ ಅನಸ್ತೈತಿ, ಅದನ್ನ ಹೇಳ್ರಿ.”

ಏನೂ ಅನ್ನಿಸುವುದಿಲ್ಲ ಎನ್ನುವ ಮಾತು ಬಾಯಿಯವರೆಗೆ ಬಂತು. ಅದು ಅವನ ರೂಢಿಯ ಉತ್ತರ. ಯಾಕೋ ಅದನ್ನು ಹೊರಗೆ ಬಿಡಲಿಲ್ಲ. ಕತ್ತಲೆಯ ಕೋಣೆಯಲ್ಲಿ ಕೈಯಾಡಿಸುವವನ ಹಾಗೆ ತನ್ನೊಳಗೆ ಹುಡುಕಿದ.

“ಗೊತ್ತಿಲ್ಲ,” ಅಂದ. “ಅಕಿ ಗ್ವಾಡಿ ಹಿಡಕೊಂಡು ಬಂದ್ಲಲ್ಲ ಇವತ್ತ. ಅದನ್ನ ನೋಡಾಕ ಆಗಲಿಲ್ಲ.”

ಶಂಕ್ರೆವ್ವ ಮೊರವನ್ನು ಬದಿಗಿಟ್ಟಳು. ರೊಟ್ಟಿ ಎತ್ತಿಕೊಂಡು ಮುರಿದಳು. ಅರ್ಧವನ್ನು ಹಿಡಿದು ನೋಡುತ್ತ ಕುಳಿತಳು. ಆಮೇಲೆ ಅದನ್ನು ಅವನ ಅಂಗೈ ಮೇಲಿಟ್ಟಳು. “ಉಣ್ರಿ.”

ಅವನು ಉಂಡ. ಖಾರದ ಬೇಳೆಯಿಲ್ಲ, ಎಣ್ಣೆಯಿಲ್ಲ, ಒಣ ರೊಟ್ಟಿ. ಅರ್ಧ ಮುಗಿದ ಮೇಲೆ ಉಳಿದರ್ಧವನ್ನೂ ಕೊಟ್ಟಳು. ಕೊನೆಯ ಚೂರು ನುಂಗುವವರೆಗೆ ಅವನ ಗಂಟಲನ್ನೇ ನೋಡುತ್ತಿದ್ದು, ಎದ್ದು ಒಂದು ತಂಬಿಗೆ ನೀರು ತಂದಿಟ್ಟಳು.

“ಆ ಮುದುಕಿ ಇವತ್ತೂ ಉಪಾಸ ಏನು?” ಎಂದು ಕೇಳಿದಳು.

“ಹೂಂ.”

“ನೀವು ಉಂಡಿದ್ದು ಅಕಿಗೆ ಯಾರು ಹೇಳಬೇಕು?”

“ನಾಳಿ ನಸಕಿನ್ಯಾಗ ಹೊಂಡತೇನಿ. ಮಧ್ಯಾಹ್ನಕ್ಕ ಮುಟ್ಟತೇನಿ.”

“ನಾಳಿ ಮಧ್ಯಾಹ್ನಾ?” ಅಂದಳು ಶಂಕ್ರೆವ್ವ. “ಆ ವಯಸ್ಸಿಗೆ, ನಾಳಿ ಮಧ್ಯಾಹ್ನತನಕಾ?” ತಿರುಗಿ ಮನೆಯ ಕಡೆ ಮುಖ ಮಾಡಿ ಕೂಗಿದಳು. “ಅಣ್ಣಾ, ಎತ್ತು ಹೂಡು. ಟಿಕೋಟಾಕ್ಕ ಹೋಗಬೇಕು, ಈಗಿಂದೀಗ.” ಮತ್ತೆ ಗಂಡನ ಕಡೆ ತಿರುಗಿ ಬೆರಳೆತ್ತಿದಳು. “ನಾ ಅಕಿ ತಪ್ಪು ಹೊಟ್ಟ್ಯಾಗ ಹಾಕ್ಕೊಂಡೀನಿ ಅಂತ ತಿಳೀಬ್ಯಾಡ್ರಿ. ಅಕಿ ಮಾರಿ ನೋಡೂದಿಲ್ಲ ನಾ, ಅಕಿ ಓಣಿಗೆ ಕಾಲಿಡೂದಿಲ್ಲ. ಆದ್ರ ನನ್ನ ಮಾತಿಗೆ ಯಾರೂ ಹಸದು ಸಾಯಬಾರದು. ಏಳ್ರಿ.”

ಗುರುಪಾದಯ್ಯ ಎದ್ದ. ಎದ್ದವನೇ ಬೇವಿನ ಬೊಡ್ಡೆಯನ್ನು ಹಿಡಿದುಕೊಂಡ. ಒಂದು ಕಾಲು ಎತ್ತಿ ಇನ್ನೊಂದನ್ನು ಊರಿದ, ಅದನ್ನೂ ಎತ್ತಿದ. ಅಂಗಾಲು ಎರಡೂ ಬೊಬ್ಬೆ ಬಂದು ಒಡೆದಿದ್ದವು.

“ಕಾಲು ಸುಡಾಕತ್ತಾವ,” ಅಂದ. ಅವನ ದನಿಯಲ್ಲಿ ಆಶ್ಚರ್ಯವಿತ್ತು. “ಶಂಕ್ರೆವ್ವ, ಭಾಳ ಸುಡಾಕತ್ತಾವ.”

ಅವಳು ಅವನ ಕಾಲು ನೋಡಿದಳು, ಮುಖ ನೋಡಿದಳು. ಏಳು ತಿಂಗಳಿಂದ ಒಬ್ಬಳೇ ಹೊತ್ತುಕೊಂಡು ತಿರುಗಿದ್ದು ಅಲ್ಲಿಯೇ, ಅಣ್ಣ ಎತ್ತುಗಳನ್ನು ಗಾಡಿಗೆ ಹೂಡುತ್ತಿರುವಾಗಲೇ, ಕಣ್ಣು ಮೂಗಿನಿಂದ ಇಳಿಯತೊಡಗಿತು.

“ಸುಡ್ಲಿ,” ಎಂದು ಅವನ ಎರಡೂ ತೋಳು ಹಿಡಿದುಕೊಂಡು ಅಳುತ್ತ ಹೇಳಿದಳು. “ಸುಡ್ಲಿರಿ, ಸುಡ್ಲಿ.”